ನಾಗಪುರದ ಬೇಸಿಗೆಯಲ್ಲಿ 575 ವ್ಯಾಟ್

2025ರ ಏಪ್ರಿಲ್ ಕೊನೆಯಲ್ಲಿ ನಾಗಪುರದ ಅಕ್ಕನ ಮನೆಯಲ್ಲಿದ್ದೆ. ಬೆಳಿಗ್ಗೆ ಕೂಲರ್‌ಗೆ ತುಂಬಿದ ನೀರು ಮಧ್ಯಾಹ್ನದ ಹೊತ್ತಿಗೆ ತಳ ಕಂಡಿತ್ತು. ಅಕ್ಕ ಪೈಪು ಹಿಡಿದು ಮತ್ತೆ ತುಂಬಿಸುತ್ತಿದ್ದಳು. ಒಳಕೋಣೆಯಲ್ಲಿ ಅವಳ ಮಗ, ಅವನ ಇಬ್ಬರು ಗೆಳೆಯರು ಹಿಂದಿ, ಮರಾಠಿ ಬೆರೆಸಿ ಜೋರು ದನಿಯಲ್ಲಿ ವಾದಕ್ಕಿಳಿದಿದ್ದರು. ಆ ವರ್ಷದ ಜನವರಿ 30ರಂದು ಮಾರುಕಟ್ಟೆಗೆ ಬಂದಿದ್ದ ಎನ್ವಿಡಿಯಾದ ಆರ್‌ಟಿಎಕ್ಸ್ 5090 ಗ್ರಾಫಿಕ್ಸ್ ಕಾರ್ಡ್ ಅವರ ವಾದದ ವಸ್ತು. ಭಾರತದಲ್ಲಿ ಅದರ ಆರಂಭದ ಬೆಲೆ 2,14,000 ರೂಪಾಯಿ. ಮದುವೆ ವಿಡಿಯೋಗಳ ಎಡಿಟಿಂಗ್ ಮಾಡುವ ಗೆಳೆಯನೊಬ್ಬ ಇಂಥದೊಂದು ಕಾರ್ಡಿಗಾಗಿಯೇ ಎರಡು ವರ್ಷದಿಂದ ಹಣ ಕೂಡಿಟ್ಟಿದ್ದ.

‘ಇದರಷ್ಟು ವೇಗದ ಕಾರ್ಡು ಇನ್ನೊಂದಿಲ್ಲ’ ಎಂದು ಅವನ ಪಟ್ಟು. ‘ಅದು ತೋರಿಸುವ ಫ್ರೇಮುಗಳಲ್ಲಿ ಮುಕ್ಕಾಲು ಪಾಲು ನಕಲಿ’ ಎಂದು ಇನ್ನೊಬ್ಬ. ಅಳಿಯ ನನ್ನ ಕಡೆ ತಿರುಗಿದ: ‘ಮಾಮಾ, ಅದೆಲ್ಲ ಇರಲಿ. ಈ ಊರಿನ ಬಿಸಿಲಲ್ಲಿ ಅದು ಓಡುತ್ತಾ, ಹೇಳಿ.’

ನನಗೆ ಅವನ ಪ್ರಶ್ನೆಯೇ ಹೆಚ್ಚು ತೂಕದ್ದೆನಿಸಿತು. ಅದಕ್ಕೆ ಉತ್ತರ ಸಿಗಬೇಕಾದರೆ ಕಾರ್ಡಿನೊಳಗೆ ಏನು ನಡೆಯುತ್ತದೆಂದು ಮೊದಲು ನೋಡಬೇಕು.

4ಕೆ ಪರದೆಯಲ್ಲಿ ಅಡ್ಡಕ್ಕೆ 3,840, ಉದ್ದಕ್ಕೆ 2,160 ಚುಕ್ಕೆಗಳು. ಒಟ್ಟು ಸುಮಾರು 83 ಲಕ್ಷ. ಕಂಪ್ಯೂಟರ್ ಆಟ ಸರಾಗವಾಗಿ ಕಾಣಬೇಕಾದರೆ ಪ್ರತಿ ಚುಕ್ಕೆಯ ಬಣ್ಣವನ್ನೂ ಸೆಕೆಂಡಿಗೆ 60 ಸಲವಾದರೂ ಹೊಸದಾಗಿ ಲೆಕ್ಕ ಹಾಕಬೇಕು. ಅಂದರೆ ಸೆಕೆಂಡಿಗೆ ಸುಮಾರು 50 ಕೋಟಿ ಚುಕ್ಕೆ. ಒಂದೊಂದರ ಲೆಕ್ಕವೂ ಸಣ್ಣದೇ, ಆದರೆ ಸಂಖ್ಯೆ ಅಪಾರ. ಭತ್ತದ ನಾಟಿಯನ್ನು ನೆನೆಸಿಕೊಳ್ಳಿ. ಎಂಥ ಗಟ್ಟಿಗನಾದರೂ ಒಬ್ಬನೇ ಇಡೀ ಗದ್ದೆ ನೆಟ್ಟು ಮುಗಿಸಲಾರ. ಸಾಲಾಗಿ ನಿಂತ ನಲವತ್ತು ಹೆಂಗಸರು ಹೊತ್ತೇರುವುದರೊಳಗೆ ಮುಗಿಸುತ್ತಾರೆ. ಕಂಪ್ಯೂಟರಿನ ಮುಖ್ಯ ಪ್ರೊಸೆಸರ್ ಆ ಒಬ್ಬ ಗಟ್ಟಿಗನಂತೆ, ಗ್ರಾಫಿಕ್ಸ್ ಕಾರ್ಡ್ ನಾಟಿಯ ಸಾಲಿನಂತೆ. 5090ರ ಸಾಲಿನಲ್ಲಿ 21,760 ಕೋರ್‌ಗಳಿವೆ. 2022ರಲ್ಲಿ ಬಂದ 4090ರಲ್ಲಿ 16,384 ಇದ್ದವು.

ನಕಲಿ ಫ್ರೇಮಿನ ತಕರಾರಿನಲ್ಲೂ ಹುರುಳಿದೆ. ಪ್ರತಿ ಚಿತ್ರವನ್ನೂ ಪೂರ್ತಿ ಲೆಕ್ಕ ಹಾಕುವ ಬದಲು, ಒಂದು ಚಿತ್ರ ಲೆಕ್ಕ ಹಾಕಿ ಅದರ ಜೊತೆಗೆ ಮೂರರವರೆಗೆ ಚಿತ್ರಗಳನ್ನು ಎಐ ಮೂಲಕ ಊಹಿಸಿ ತುಂಬುವ ಸೌಲಭ್ಯ ಈ ಕಾರ್ಡಿನಲ್ಲಿದೆ. 30 ಅಸಲಿ ಚಿತ್ರ ಹೀಗೆ 120 ಆಗುತ್ತದೆ, ಕಣ್ಣಿಗೆ ಓಟ ನುಣುಪಾಗುತ್ತದೆ. ಆದರೆ ನೀವು ಗುಂಡಿ ಒತ್ತಿದ್ದು ಆಟಕ್ಕೆ ತಿಳಿಯುವುದು ಅಸಲಿ ಚಿತ್ರದಲ್ಲಿ ಮಾತ್ರ. ನಡುವಿನ ಚಿತ್ರ ಊಹಿಸಲು ಮುಂದಿನ ಅಸಲಿ ಚಿತ್ರ ಬರುವ ತನಕ ಕಾಯಬೇಕಾದ್ದರಿಂದ ಕೈಗೆ ಅದು ತುಸು ನಿಧಾನವೇ. ಊರು ಸುತ್ತಿ ನೋಡುವ ಆಟಕ್ಕೆ ಇದು ವರ, ಗುರಿಯಿಟ್ಟು ಹೊಡೆಯುವ ಆಟಕ್ಕೆ ಅಷ್ಟೇನೂ ನೆರವಾಗದು. ಇಬ್ಬರ ಮಾತೂ ಅವರವರ ಆಟದ ಮಟ್ಟಿಗೆ ಸರಿ.

ಇನ್ನು ಬಿಸಿಲಿನ ಮಾತು. ಈ ಕಾರ್ಡ್ ಪೂರ್ತಿ ದುಡಿಯುವಾಗ 575 ವ್ಯಾಟ್ ವಿದ್ಯುತ್ ಎಳೆಯುತ್ತದೆ. ಫ್ಯಾನು ಸುತ್ತಿದರೆ ಗಾಳಿ ಬರುತ್ತದೆ, ಪಂಪು ಓಡಿದರೆ ನೀರು ಮೇಲೇರುತ್ತದೆ. ಲೆಕ್ಕ ಹಾಕುವ ಚಿಪ್ಪು ಮಾತ್ರ ಎಳೆದ ವಿದ್ಯುತ್ತನ್ನೆಲ್ಲ ಕೊನೆಗೆ ಶಾಖವಾಗಿ ಕೋಣೆಗೇ ಬಿಡುತ್ತದೆ. ಮನೆಯ ಇಸ್ತ್ರಿಪೆಟ್ಟಿಗೆ 1,000 ವ್ಯಾಟ್‌ನ ಶಾಖವನ್ನು ಅಂಗೈಗಿಂತ ದೊಡ್ಡ ತಟ್ಟೆಯ ಮೇಲೆ ಹರಡುತ್ತದೆ. ಇಲ್ಲಿ 9,220 ಕೋಟಿ ಟ್ರಾನ್ಸಿಸ್ಟರ್ ತುಂಬಿದ ಚಿಪ್ಪಿನ ವಿಸ್ತಾರ 750 ಚದರ ಮಿಲಿಮೀಟರ್. ದೊಡ್ಡ ಅಂಚೆಚೀಟಿಯಷ್ಟು ಆ ಜಾಗದಿಂದಲೇ ಶಾಖದ ಬಹುಪಾಲು ಹೊರಬೀಳಬೇಕು.

ಅದನ್ನು ಹೊರುವುದು ನೀರು. ಚಿಪ್ಪಿನ ಬೆನ್ನಿಗೆ ಅಂಟಿಕೊಂಡಂತೆ ಚಪ್ಪಟೆಯಾದ ಲೋಹದ ಡಬ್ಬಿಯೊಂದಿದೆ. ಒಳಗಿನ ಗಾಳಿ ತೆಗೆದು, ಕೊಂಚವೇ ನೀರಿಟ್ಟು ಮುಚ್ಚಿರುತ್ತಾರೆ. ಒತ್ತಡ ಕಡಿಮೆಯಿರುವುದರಿಂದ ಆ ನೀರು ಬೇಗ ಆವಿಯಾಗಿ, ಶಾಖ ಹೀರಿಕೊಂಡು, ತಣ್ಣಗಿರುವ ಕಡೆಗೆ ಓಡಿ ಮತ್ತೆ ನೀರಾಗುತ್ತದೆ. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಒಳಗೋಡೆಯ ಸಣ್ಣ ರಂಧ್ರಗಳು ಅದನ್ನು ಚಿಪ್ಪಿನ ಬಳಿಗೆ ಎಳೆದು ತರುತ್ತವೆ. ಡಬ್ಬಿಗೆ ಬೆಸೆದ ಲೋಹದ ರೆಕ್ಕೆಗಳ ನಡುವೆ ಫ್ಯಾನು ಬೀಸುವ ಗಾಳಿ ಶಾಖವನ್ನು ಕೋಣೆಗೆ ಒಯ್ಯುತ್ತದೆ. ಅಕ್ಕನ ಕೂಲರ್‌ನ ಲಾವಂಚದ ಚಾಪೆಯಲ್ಲಿ ನಡೆಯುವುದೂ ಇದೇ. ಒಣ ಬಿಸಿಗಾಳಿ ಒದ್ದೆ ಬೇರಿನ ಮೂಲಕ ಹಾಯುವಾಗ ನೀರು ಆವಿಯಾಗಿ ಗಾಳಿಯ ಶಾಖ ಕಸಿಯುತ್ತದೆ. ಕಾರ್ಡಿನ ನೀರು ಮುಚ್ಚಿದ ಡಬ್ಬಿಯಲ್ಲಿ ಸುತ್ತುತ್ತಲೇ ಇರುತ್ತದೆ, ಕೂಲರ್‌ನದು ಗಾಳಿ ಪಾಲಾಗುತ್ತದೆ. ಕಾರ್ಡು ಒಂದು ಗಂಟೆ ಉಗುಳುವ ಶಾಖವನ್ನು ಹೀರಲು ಕೂಲರ್‌ನಲ್ಲಿ ಮುಕ್ಕಾಲು ಲೀಟರಿಗೂ ಹೆಚ್ಚು ನೀರು ಆವಿಯಾಗಬೇಕು.

ಇಲ್ಲೇ ಊರಿನ ಲೆಕ್ಕ ಶುರುವಾಗುವುದು. ಗಾಳಿಯಿಂದ ತಂಪಾಗುವ ಯಾವ ಯಂತ್ರವೂ ತನ್ನ ಸುತ್ತಲ ಗಾಳಿಗಿಂತ ತಣ್ಣಗಾಗಲಾರದು. ಹೊಸ ಕಾರ್ಡುಗಳ ಪರೀಕ್ಷೆ ಸಾಮಾನ್ಯವಾಗಿ 20ರಿಂದ 22 ಡಿಗ್ರಿಯ ಕೋಣೆಗಳಲ್ಲಿ ನಡೆಯುತ್ತದೆ. ಅಲ್ಲಿ 5090 ಮುಟ್ಟುವುದು 70ರಿಂದ 80ರ ನಡುವಿನ ಬಿಸಿ, ಅಂದರೆ ಕೋಣೆಗಿಂತ 50 ಡಿಗ್ರಿಯಷ್ಟು ಹೆಚ್ಚು. ಕಂಪನಿ ಹಾಕಿರುವ ಮಿತಿ 90. ನಾಗಪುರದಲ್ಲಿ 2013ರ ಮೇ 23ರಂದು ಹೊರಗಿನ ಬಿಸಿ 47.9 ಡಿಗ್ರಿಗೆ ಏರಿತ್ತು. ಮೇ ಕೊನೆಯಲ್ಲಿ ಬರುವ ನವತಪಾ ಎಂಬ ಕಡುಬಿಸಿಲಿನ ದಿನಗಳಲ್ಲಿ ಕೋಣೆಯೊಳಗೇ 40 ಇದ್ದರೆ 50 ಕೂಡಿಸಿ ನೋಡಿ. ಕಾರ್ಡು ಸುಟ್ಟುಹೋಗದು, ಫ್ಯಾನಿನ ಸದ್ದು ಏರುತ್ತದೆ, ಆಮೇಲೆ ಕಾರ್ಡು ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಎರಡು ಲಕ್ಷ ಕೊಟ್ಟು ಕೊಂಡ ವೇಗ ಹೀಗೆ ಬಿಸಿಲಿನಲ್ಲಿ ಸೋರುತ್ತದೆ.

ದಾರಿಯಿದೆ. ಚಿಪ್ಪು ಎಳೆಯುವ ವಿದ್ಯುತ್ತು ವೋಲ್ಟೇಜಿನ ವರ್ಗದಂತೆ ಏರಿಳಿಯುತ್ತದೆ. ವೋಲ್ಟೇಜನ್ನು ಶೇ. 10 ಇಳಿಸಿದರೆ, ವೇಗ ಅಷ್ಟೇ ಇದ್ದರೂ, ಶಾಖ ಶೇ. 19ರಷ್ಟು ಇಳಿಯುತ್ತದೆ. ಕೊನೆಯ ಹನಿ ವೇಗವನ್ನೂ ಹಿಂಡಿ ತೆಗೆಯಲೆಂದು ಕಂಪನಿಗಳು ವೋಲ್ಟೇಜನ್ನು ತುದಿಯಲ್ಲಿಟ್ಟು ಮಾರುತ್ತವೆ. ಸಾಫ್ಟ್‌ವೇರಿನಲ್ಲಿ ವಿದ್ಯುತ್ತಿನ ಮಿತಿಯನ್ನು ಶೇ. 80ಕ್ಕೆ ತಂದರೆ ಕಾರ್ಡು 460 ವ್ಯಾಟಿಗೆ ನಿಲ್ಲುತ್ತದೆ, ಆಟದ ವೇಗ ಮಾತ್ರ ಅದಕ್ಕಿಂತ ತೀರಾ ಕಡಿಮೆ ಪ್ರಮಾಣದಲ್ಲಿ ತಗ್ಗುತ್ತದೆ. ಕಾರ್ಡಿಗೆ ವಿದ್ಯುತ್ ತರುವ ತಂತಿಗೂ ಇದು ಹಿತ. 12 ವೋಲ್ಟಿನಲ್ಲಿ 575 ವ್ಯಾಟ್ ಸಾಗಿಸಲು ಸುಮಾರು 48 ಆಂಪಿಯರ್ ಬೇಕು, ಅದು ಆರು ಸಣ್ಣ ತಂತಿಗಳಲ್ಲಿ ಹಂಚಿ ಹರಿಯುತ್ತದೆ. ಪ್ಲಗ್ಗು ಪೂರ್ತಿ ಕೂರದೆ ಒಂದು ತಂತಿಯಲ್ಲಿ ಕರೆಂಟು ಎರಡು ಪಟ್ಟಾದರೆ ಅದರ ಬಿಸಿ ನಾಲ್ಕು ಪಟ್ಟಾಗುತ್ತದೆ. ಈ ಪ್ಲಗ್ಗುಗಳು ಕರಗಿದ ಪ್ರಕರಣಗಳು 4090ರ ಕಾಲದಿಂದಲೂ ಸುದ್ದಿಯಾಗಿವೆ.

ಇಷ್ಟು ಹೇಳಿದ ಮೇಲೆ ಅಳಿಯ ಗೋಡೆಯ ಥರ್ಮಾಮೀಟರ್ ತಂದು ಕ್ಯಾಬಿನೆಟ್ಟು ಗಾಳಿ ಎಳೆಯುವ ಬದಿಯಲ್ಲಿ ತೂಗುಹಾಕಿದ. ಕೂಲರ್ ಓಡುತ್ತಿದ್ದರೂ 37 ತೋರಿಸಿತು. ಬಾಗಿಲು ಮುಚ್ಚಿತ್ತು, ಒದ್ದೆ ಗಾಳಿ ಹೊರಹೋಗಲು ದಾರಿಯಿರಲಿಲ್ಲ. ತೇವ ತುಂಬಿದ ಗಾಳಿ ಇನ್ನಷ್ಟು ನೀರು ಹೀರದು, ಆಗ ಕೂಲರ್ ಬರಿಯ ಫ್ಯಾನು. ಬಾಗಿಲು, ಎದುರಿನ ಕಿಟಕಿ ಎರಡನ್ನೂ ತೆರೆದೆವು. ಅರ್ಧ ಗಂಟೆಯಲ್ಲಿ 33ಕ್ಕೆ ಇಳಿಯಿತು.

ಹಣ ಕೂಡಿಟ್ಟಿದ್ದ ಹುಡುಗ ಸುಮ್ಮನೆ ನೋಡುತ್ತ ಕೂತಿದ್ದ. ಆಮೇಲೆ ಜೇಬಿನಿಂದ ತನ್ನ ಚೀಟಿ ತೆಗೆದ. ಕಾರ್ಡು, ಪವರ್ ಸಪ್ಲೈ, ಕ್ಯಾಬಿನೆಟ್ಟು ಎಂದು ಬೆಲೆ ಸಮೇತ ಬರೆದಿದ್ದ ಸಾಲುಗಳ ಕೆಳಗೆ ಇನ್ನೊಂದು ಸೇರಿಸಿದ: ಎಕ್ಸಾಸ್ಟ್ ಫ್ಯಾನ್.