ಮೆಣಸು ಕಾದ ಮಿರ್ಜಾನ್ ಕೋಟೆ

ಕರಾವಳಿಯ ಕೋಟೆ ಎಂದಕೂಡಲೇ ಬುರುಜಿಗೆ ಬಡಿಯುವ ತೆರೆಗಳನ್ನು ನೆನೆದು ಹೊರಟವರಿಗೆ ಮಿರ್ಜಾನ್ ಸ್ವಲ್ಪ ನಿರಾಸೆ ಮಾಡುತ್ತದೆ. ಕುಮಟಾ ದಾಟಿ ಗೋಕರ್ಣದ ಕಡೆ ಹೋಗುವಾಗ, ಹೆದ್ದಾರಿಯಿಂದ ಅರ್ಧ ಕಿಲೋಮೀಟರ್ ಒಳಗೆ ಇದೆ ಈ ಕೋಟೆ. ಕಡಲು ಇನ್ನೂ ದೂರ. ಹತ್ತಿರ ಇರುವುದು ಅಘನಾಶಿನಿ ನದಿ.

ಈ ಜಾಗದ ಗುಟ್ಟೂ ಅದೇ. ಶಿರಸಿ ಸೀಮೆಯ ಕಾಳುಮೆಣಸು ಎತ್ತುಗಳ ಮೇಲೆ ಘಟ್ಟ ಇಳಿದು ನದಿಗೆ ಬರಬೇಕು, ನದಿಯಿಂದ ಕಡಲಿಗೆ, ಅಲ್ಲಿಂದ ಸೂರತ್ತಿಗೆ. ಘಟ್ಟದ ಸರಕಿಗೂ ಕಡಲಿನ ಹಡಗಿಗೂ ನಡುವೆ ನಿಂತ ಈ ಕೋಟೆ ನನಗಂತೂ ರಣರಂಗಕ್ಕಿಂತ ಗಟ್ಟಿ ಬಾಗಿಲಿನ ಉಗ್ರಾಣದಂತೆಯೇ ಕಾಣುತ್ತದೆ.

ಊರವರ ಬಾಯಲ್ಲಿ ಇದು ಚೆನ್ನಭೈರಾದೇವಿಯ ಕೋಟೆ. 16ನೇ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯಿಂದ ಆಳಿದ ಈ ಜೈನ ರಾಣಿಯನ್ನು ಪೋರ್ಚುಗೀಸರು ಕರೆದದ್ದು ‘ಮೆಣಸಿನ ರಾಣಿ’ ಎಂದು. ಕಡಲಲ್ಲಿ ತಮ್ಮ ರಹದಾರಿ ಇಲ್ಲದ ಹಡಗನ್ನು ಹಿಡಿಯುತ್ತಿದ್ದವರು ಅವರು. ಮೆಣಸು ಬೆಳೆಯುವ ನೆಲ ಮಾತ್ರ ಈಕೆಯದು. ಬೈಗುಳವಲ್ಲ, ಸಾಲ ಕೇಳಲು ಬಂದವನ ಮರ್ಯಾದೆಯ ಧ್ವನಿ ಆ ಹೆಸರಿನಲ್ಲಿದೆ. ಕೊನೆಗೆ ಆಕೆಯನ್ನು ಸೋಲಿಸಿದ್ದು ಪರಂಗಿಯವರಲ್ಲ, ನೆರೆಯ ಕೆಳದಿಯವರು. ಇಕ್ಕೇರಿಯ ಸೆರೆಯಲ್ಲಿ ಆಕೆ ತೀರಿಕೊಂಡಳು. ಆಮೇಲೆ ಕೋಟೆ ಕೈಯಿಂದ ಕೈಗೆ ದಾಟುತ್ತ ಹೋಯಿತು.

ಕಟ್ಟಿದ್ದು ಚಿರೆಕಲ್ಲಿನಲ್ಲಿ. ನೆಲದಲ್ಲಿರುವಾಗ ಕೊಡಲಿಗೂ ಬಗ್ಗುವ ಈ ಕಲ್ಲು ಗಾಳಿ ತಾಗಿದಂತೆ ಬಿರುಸಾಗುತ್ತದೆ. ಗೋಡೆ ಎರಡು ಸುತ್ತು, ಹೊರಗೆ ಕಂದಕ, ನಾಲ್ಕು ಬಾಗಿಲು. ಮುಖ್ಯ ಬಾಗಿಲಿಗೆ ಅಗಲವಾದ ಮೆಟ್ಟಿಲು. ಒಳಗೆ ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು ಬಾವಿಗಳು. ಮುತ್ತಿಗೆ ಬಿದ್ದರೆ ಅಕ್ಕಿಯನ್ನು ಅಳೆದು ಉಣ್ಣಬಹುದು, ನೀರಿಗೇನು ಮಾಡುವುದು? ಉಬ್ಬರದಲ್ಲಿ ಉಪ್ಪುನೀರು ಒಳನುಗ್ಗುವ ಈ ಸೀಮೆಯಲ್ಲಿ ಸಿಹಿನೀರಿನ ಬಾವಿಯೇ ಅರ್ಧ ಕೋಟೆ.

2000–01ರಲ್ಲಿ ಪುರಾತತ್ವ ಇಲಾಖೆ ಇಲ್ಲಿ ಅಗೆದಾಗ ಚೀನಾದ ಪಿಂಗಾಣಿ ಚೂರುಗಳೂ ಪೋರ್ಚುಗೀಸರ ಒಂದು ಚಿನ್ನದ ನಾಣ್ಯವೂ ಸಿಕ್ಕವು. ಮೆಣಸಿನ ಮೂಟೆ ಹೋದ ದಾರಿಯಲ್ಲೇ ಹಿಂದಿರುಗಿ ಬಂದ ಸಾಮಾನು ಅದು.

ನೋಡಬೇಕಾದರೆ ಶ್ರಾವಣದಲ್ಲಿ ಹೋಗಿ. ರಂಧ್ರ ರಂಧ್ರದ ಚಿರೆಕಲ್ಲು ನೀರು ಹಿಡಿದು, ಬುರುಜಿನ ತಲೆಯವರೆಗೂ ಹಾವಸೆ ಹಬ್ಬಿ, ಕೆಂಪು ಕೋಟೆ ಪೂರಾ ಹಸಿರಾಗಿರುತ್ತದೆ. ಆದರೆ ಮೆಟ್ಟಿಲು ಜಾರುತ್ತದೆ. ಚಪ್ಪಲಿ ಕೈಯಲ್ಲಿ ಹಿಡಿದೇ ಹತ್ತಬೇಕು.