ಆರೋಗ್ಯವಿಮೆಯನ್ನು ಅಳೆಯುವುದು ಹೇಗೆ?

ಹಿರಿಯೂರಿನ ಸುತ್ತಮುತ್ತ ಶೇಂಗಾ ಬಿತ್ತುವ ರೈತನಿಗೆ ವಿಮೆಯೆಂದರೇನೆಂಬುದನ್ನು ನಾವು ಹೊಸದಾಗಿ ಹೇಳಿಕೊಡಬೇಕಾದುದಿಲ್ಲ. ಮಳೆ ಕೈಕೊಟ್ಟ ವರ್ಷ ಬೆಳೆವಿಮೆಯ ಹಣ ಬಂದೀತೇ, ಬಂದರೆ ಎಷ್ಟು ಬಂದೀತು ಎಂಬ ಮಾತು ಅಲ್ಲಿ ಸದಾ ಕೇಳಿಬರತಕ್ಕದ್ದೇ. ಹೊಳಲ್ಕೆರೆ, ಹೊಸದುರ್ಗಗಳ ಅಡಕೆ ತೆಂಗಿನ ತೋಟದವರಿಗೂ ಅದು ಅಪರಿಚಿತವಲ್ಲ. ಆದರೆ ಬೆಳೆಗೆ ವಿಮೆ ಇರುವಂತೆ ದೇಹಕ್ಕೂ ವಿಮೆ ಇರಬೇಕೇ, ಇದ್ದರೆ ಅದರ ವೆಚ್ಚವನ್ನು ಸರ್ಕಾರವೇ ಹೊರಬೇಕೇ, ಹಾಗೆ ಹೊತ್ತರೆ ನಿಜವಾಗಿಯೂ ಪ್ರಾಣ ಉಳಿಯುತ್ತದೆಯೇ ಎಂಬ ಪ್ರಶ್ನೆಗಳು ನಮ್ಮ ರಾಜ್ಯದಲ್ಲಿ ಎರಡು ದಶಕಗಳಿಂದ ಚರ್ಚೆಗೆ ಬರುತ್ತಿವೆ. ಕಡೆಯ ಪ್ರಶ್ನೆಗೆ ಉತ್ತರ ಹುಡುಕುವ ಕಾರ್ಯದಲ್ಲಿ ಚಿತ್ರದುರ್ಗ ಜಿಲ್ಲೆಯ ಕಡೆಯ ಗಡಿಗೆ, ಯಾರೂ ಉದ್ದೇಶಿಸದೆಯೇ, ಒಂದು ವಿಶೇಷ ಸ್ಥಾನ ದೊರೆಯಿತು. ಅದು ಹೇಗೆಂಬುದನ್ನು ಇಲ್ಲಿ ನೋಡೋಣ.

ಮೊದಲು ವಿಮೆಯ ಲೆಕ್ಕ. ಒಂದು ಹೋಬಳಿಯಲ್ಲಿ 1,000 ಕುಟುಂಬಗಳಿವೆ ಎಂದೂ, ವರ್ಷಕ್ಕೆ ಅವುಗಳಲ್ಲಿ 5 ಕುಟುಂಬಗಳಿಗೆ ತಲಾ 1,50,000 ರೂಪಾಯಿಯ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ ಎಂದೂ ಇಟ್ಟುಕೊಳ್ಳೋಣ. ಒಟ್ಟು ವೆಚ್ಚ 7,50,000 ರೂಪಾಯಿ. ಇದನ್ನು ಎಲ್ಲರಿಗೂ ಹಂಚಿದರೆ ಕುಟುಂಬಕ್ಕೆ 750 ರೂಪಾಯಿ ಬೀಳುತ್ತದೆ. ಕಾಯಿಲೆ ಬೀಳುವ ಆ ಐದು ಮನೆಗಳು ಯಾವುವೆಂಬುದು ಮುಂಚಿತವಾಗಿ ಯಾರಿಗೂ ತಿಳಿಯದು. ಸುಮಾರು ಐದು ಎಂಬುದು ಮಾತ್ರ ತಿಳಿದಿರುತ್ತದೆ. ಒಬ್ಬನ ವಿಷಯದಲ್ಲಿ ಊಹಿಸಲಾಗದುದು ಸಾವಿರ ಜನರ ವಿಷಯದಲ್ಲಿ ಊಹೆಗೆ ಸಿಕ್ಕುತ್ತದೆ. ವಿಮೆಯ ಗುಟ್ಟು ಇಷ್ಟೇ.

ಈ ದೃಷ್ಟಿಯಿಂದ ದೇಹದ ವಿಮೆ ಬೆಳೆಯ ವಿಮೆಗಿಂತ ಸುಲಭವಾದುದು. ಬರಗಾಲ ಬಂದರೆ ಹಿರಿಯೂರಿನ ಹೊಲಗಳೆಲ್ಲ ಒಟ್ಟಿಗೆ ಒಣಗುತ್ತವೆ. ಆಗ ನಷ್ಟವನ್ನು ಹಂಚಿಕೊಳ್ಳಲು ನಷ್ಟವಾಗದ ನೆರೆಯವನೇ ಇರುವುದಿಲ್ಲ. ಹೃದ್ರೋಗವಾಗಲಿ ಕ್ಯಾನ್ಸರ್ ಆಗಲಿ ಹಾಗೆ ಊರಿಗೆ ಊರನ್ನೇ ಒಂದೇ ಸಲ ಹಿಡಿಯುವುದಿಲ್ಲ. ಅಲ್ಲೊಂದು ಇಲ್ಲೊಂದು ಮನೆಗೆ ಬರುತ್ತದೆ. (2020ರ ಕೋವಿಡ್‌ನಂಥ ಸಾಂಕ್ರಾಮಿಕಗಳು ಈ ಮಾತಿಗೆ ಅಪವಾದ.)

ಆದರೆ ತೊಡಕೊಂದುಂಟು. ವಂತಿಗೆ ಕೊಟ್ಟು ಸೇರುವುದು ಅವರವರ ಇಷ್ಟಕ್ಕೆ ಬಿಟ್ಟಿದ್ದರೆ, ಎದೆನೋವು ಕಾಣಿಸಿಕೊಂಡವನು ಮೊದಲು ಸೇರುತ್ತಾನೆ. ಗಟ್ಟಿಮುಟ್ಟಾದ ಯುವಕ ಮುಂದಿನ ವರ್ಷ ನೋಡೋಣವೆನ್ನುತ್ತಾನೆ. ಸೇರಿದವರಲ್ಲಿ ರೋಗಿಗಳ ಪ್ರಮಾಣ ಹೆಚ್ಚಿದಂತೆ ವಂತಿಗೆಯನ್ನು ಏರಿಸಬೇಕಾಗುತ್ತದೆ. ಏರಿಸಿದಂತೆ ಆರೋಗ್ಯವಂತರು ಇನ್ನಷ್ಟು ದೂರ ಸರಿಯುತ್ತಾರೆ. 2003ರಲ್ಲಿ ಕಾರ್ಯಾರಂಭ ಮಾಡಿದ ಯಶಸ್ವಿನಿ ಯೋಜನೆ ಈ ತೊಡಕಿಗೆ ಒಂದು ಜಾಣ ಉಪಾಯವನ್ನು ಕಂಡುಕೊಂಡಿತು. ಅದು ಸಹಕಾರ ಸಂಘಗಳ ಮೂಲಕ ರೈತರನ್ನು ಗುಂಪುಗುಂಪಾಗಿ ಸೇರಿಸಿಕೊಂಡಿತು. ತಲೆಗೆ ವರ್ಷಕ್ಕೆ 60 ರೂಪಾಯಿ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. 2005ರಲ್ಲಿ ವಂತಿಗೆ 120 ರೂಪಾಯಿಗೆ ಏರಿದಾಗ ಸದಸ್ಯರ ಸಂಖ್ಯೆ ಇಳಿಯಿತು. ಮೇಲಾಗಿ, ಸೊಸೈಟಿಯ ಸದಸ್ಯನಲ್ಲದ ಕೂಲಿಕಾರನಿಗೆ ಅದರಲ್ಲಿ ಎಡೆಯಿರಲಿಲ್ಲ. ಅದು ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದುದಾಗಿತ್ತು.

2010ರಲ್ಲಿ ರಾಜ್ಯ ಸರ್ಕಾರ ಬೇರೊಂದು ದಾರಿಯನ್ನು ಹಿಡಿಯಿತು. ಬಡತನದ ರೇಖೆಗಿಂತ ಕೆಳಗಿನ ಪಡಿತರ ಚೀಟಿಯುಳ್ಳ ಪ್ರತಿಯೊಂದು ಕುಟುಂಬವೂ, ವಂತಿಗೆಯಿಲ್ಲದೆ, ತಾನಾಗಿಯೇ ವಾಜಪೇಯಿ ಆರೋಗ್ಯಶ್ರೀ ಯೋಜನೆಗೆ ಸೇರಿದಂತಾಯಿತು. ಹೃದಯ, ಮಿದುಳು, ಮೂತ್ರಪಿಂಡ, ಕ್ಯಾನ್ಸರ್, ಸುಟ್ಟಗಾಯ ಮುಂತಾದ ದೊಡ್ಡ ಚಿಕಿತ್ಸೆಗಳಿಗೆ ವರ್ಷಕ್ಕೆ ಕುಟುಂಬವೊಂದಕ್ಕೆ 1,50,000 ರೂಪಾಯಿ, ಅಗತ್ಯಬಿದ್ದರೆ ಇನ್ನೂ 50,000 ರೂಪಾಯಿ. ರೋಗಿ ಹಣ ಕಟ್ಟಬೇಕಾಗಿರಲಿಲ್ಲ; ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಆಸ್ಪತ್ರೆಗೆ ನೇರವಾಗಿ ನಿಗದಿತ ದರವನ್ನು ಸಲ್ಲಿಸುತ್ತಿತ್ತು. ಆಸ್ಪತ್ರೆಗಳು ಹಳ್ಳಿಗಳಲ್ಲಿ ತಪಾಸಣಾ ಶಿಬಿರಗಳನ್ನು ನಡೆಸಿ ರೋಗಿಗಳನ್ನು ಗುರುತಿಸುತ್ತಿದ್ದವು. ದಾಖಲಾದ ಮೇಲೆ ಕಾಗದಪತ್ರಗಳ ವಿಷಯದಲ್ಲಿ ನೆರವಾಗಲು ಆರೋಗ್ಯಮಿತ್ರರೆಂಬವರಿದ್ದರು.

ಯೋಜನೆ ಇಡೀ ರಾಜ್ಯದಲ್ಲಿ ಒಮ್ಮೆಗೇ ಆರಂಭವಾಗಲಿಲ್ಲ. ಮೊದಲು ಉತ್ತರದ ಗುಲ್ಬರ್ಗ ವಿಭಾಗ, ಅನಂತರ ಬೆಳಗಾವಿ ವಿಭಾಗ. ದಕ್ಷಿಣದ ಬೆಂಗಳೂರು, ಮೈಸೂರು ವಿಭಾಗಗಳು 2012ರವರೆಗೆ ಕಾಯಬೇಕಾಯಿತು. ಚಿತ್ರದುರ್ಗ ಜಿಲ್ಲೆ ಬೆಂಗಳೂರು ವಿಭಾಗಕ್ಕೆ ಸೇರಿದ್ದು; ಅದರ ಉತ್ತರಕ್ಕೆ ಹೊಂದಿಕೊಂಡಿರುವ ಬಳ್ಳಾರಿ ಗುಲ್ಬರ್ಗ ವಿಭಾಗದ್ದು. ಹೀಗಾಗಿ ಮೊಳಕಾಲ್ಮೂರಿನ ಆಚೆಗೆ ಒಂದು ಗೆರೆ ಬಿತ್ತು. ಗೆರೆಯ ಎರಡೂ ಬದಿಯಲ್ಲಿ ಅದೇ ಮಣ್ಣು, ಅದೇ ಮಳೆ, ಅದೇ ಮುದ್ದೆ, ಅದೇ ಮಾತು. ಆಚೆಯ ಬಡವನಿಗೆ ಹೃದಯದ ಕವಾಟ ಕೆಟ್ಟರೆ ಸರ್ಕಾರ ಹಣ ಕೊಡುತ್ತಿತ್ತು. ಈಚೆಯವನು ಹೊಲ ಅಡವಿಡಬೇಕು, ಇಲ್ಲವೇ ಸುಮ್ಮನಿರಬೇಕು. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರುಗಳ ಬಡ ಕುಟುಂಬಗಳೂ ಈಚೆಯ ಬದಿಯಲ್ಲೇ ಇದ್ದವು. 2011ರ ಜನಗಣತಿಯಂತೆ ಜಿಲ್ಲೆಯಲ್ಲಿ 16 ಲಕ್ಷ 59 ಸಾವಿರ ಜನರಿದ್ದರೆಂಬುದನ್ನು ನೆನೆದರೆ ಕಾದವರ ಸಂಖ್ಯೆ ಸಣ್ಣದಲ್ಲವೆಂಬುದು ಮನದಟ್ಟಾಗುತ್ತದೆ.

ಅನ್ಯಾಯವೆನಿಸಬಹುದಾದ ಈ ಗೆರೆಯೇ ವಿಜ್ಞಾನಿಗಳಿಗೆ ಒಂದು ಪ್ರಯೋಗಶಾಲೆಯಾಯಿತು. ಔಷಧವನ್ನು ಪರೀಕ್ಷಿಸುವಾಗ ಒಂದು ಗುಂಪಿಗೆ ಔಷಧವನ್ನು ಕೊಟ್ಟು, ಅಂಥದೇ ಇನ್ನೊಂದು ಗುಂಪಿಗೆ ಕೊಡದೆ ಹೋಲಿಸುವುದು ಪದ್ಧತಿ. ಸರ್ಕಾರದ ಯೋಜನೆಗಳಲ್ಲಿ ಇಂಥ ಅವಕಾಶ ಅಪರೂಪ. ನೀರಜ್ ಸೂದ್ ಮತ್ತು ಅವರ ಸಂಗಡಿಗರು ಗಡಿಯ ಉತ್ತರದ 300 ಹಳ್ಳಿಗಳನ್ನೂ, ದಕ್ಷಿಣದ 272 ಹಳ್ಳಿಗಳನ್ನೂ ಆರಿಸಿಕೊಂಡು, ಒಟ್ಟು 60,109 ಮನೆಗಳ ವಿವರಗಳನ್ನು ಪರಿಶೀಲಿಸಿ, 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಯೋಜನೆಯ ವ್ಯಾಪ್ತಿಗೆ ಸೇರಿದ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಉಂಟಾದ ಮರಣದ ಪ್ರಮಾಣ ಉತ್ತರದಲ್ಲಿ ಶೇಕಡ 0.32, ಗೆರೆಯ ದಕ್ಷಿಣದಲ್ಲಿ ಶೇಕಡ 0.90. ದೊಡ್ಡ ಆಸ್ಪತ್ರೆಗಳಲ್ಲಿ ದಾಖಲಾದಾಗ ಮನೆಯವರು ಕೈಯಿಂದ ತೆರುತ್ತಿದ್ದ ಹಣ ಉತ್ತರದಲ್ಲಿ ಶೇಕಡ 64ರಷ್ಟು ಕಡಿಮೆಯಾಗಿತ್ತು.

ಇಲ್ಲಿ ಜಾಗರೂಕನಾದ ವಿದ್ಯಾರ್ಥಿ ಒಂದು ಪ್ರಶ್ನೆಯನ್ನು ಎತ್ತಬೇಕು. ಉತ್ತರದ ಹಳ್ಳಿಗಳು ಬೇರಾವುದೋ ಕಾರಣದಿಂದ ಮೊದಲೇ ಹೆಚ್ಚು ಆರೋಗ್ಯವಾಗಿದ್ದಿರಬಾರದೇಕೆ? ಇದಕ್ಕೆ ಉತ್ತರ ಅದೇ ಹಳ್ಳಿಗಳ ಬಡವರಲ್ಲದ ಮನೆಗಳಲ್ಲಿ ದೊರೆಯುತ್ತದೆ. ಅವರಿಗೆ ಎರಡು ಬದಿಯಲ್ಲೂ ಯೋಜನೆಯಿರಲಿಲ್ಲ. ನೀರು, ಗಾಳಿ, ರಸ್ತೆ, ವೈದ್ಯರು ಕಾರಣವಾಗಿದ್ದರೆ ಅವರಲ್ಲೂ ವ್ಯತ್ಯಾಸ ಕಾಣಬೇಕಾಗಿತ್ತು. ಕಂಡದ್ದು ಉತ್ತರದಲ್ಲಿ ಶೇಕಡ 0.56, ದಕ್ಷಿಣದಲ್ಲಿ ಶೇಕಡ 0.55, ಅಂದರೆ ಭೇದವೇ ಇಲ್ಲ. ನಮ್ಮ ಮಟ್ಟಿಗೆ ಇಡೀ ಅಧ್ಯಯನದಲ್ಲಿ ಅತ್ಯಂತ ಸೊಗಸಾದ ಸಂಖ್ಯೆಗಳೆಂದರೆ ಈ ಎರಡು.

ಹಾಗಿದ್ದರೂ ಒಂದು ಗಂಟು ಉಳಿಯುತ್ತದೆ. ಸಾವು ಅಷ್ಟು ಇಳಿಯಬೇಕಾದರೆ ಚಿಕಿತ್ಸೆ ಪಡೆದವರು ಗಮನಾರ್ಹವಾಗಿ ಹೆಚ್ಚಿರಬೇಕಷ್ಟೆ. ಚಿಕಿತ್ಸೆಯ ಬಳಕೆ ಶೇಕಡ 44ರಷ್ಟು ಏರಿದಂತೆ ಕಂಡಿತಾದರೂ, ನಿಜವಾದ ವ್ಯತ್ಯಾಸವೇ ಇಲ್ಲದಿದ್ದಾಗಲೂ ಇಷ್ಟು ಅಂತರ ಬರಿಯ ಆಕಸ್ಮಿಕದಿಂದ ತೋರುವ ಸಂಭವ 100ಕ್ಕೆ ಸುಮಾರು 6ರಷ್ಟಿತ್ತು. 5ಕ್ಕಿಂತ ಕಡಿಮೆಯಿದ್ದರೆ ಮಾತ್ರ ನಂಬಬಹುದೆಂಬುದು ಸಂಖ್ಯಾಶಾಸ್ತ್ರಜ್ಞರ ರೂಢಿ. ಆದುದರಿಂದ ಯೋಜನೆ ಪ್ರಾಣ ಉಳಿಸಿತೆಂಬುದನ್ನು ನಾವು ಒಪ್ಪಬಹುದು. ಎಷ್ಟು ಪ್ರಾಣ ಎಂಬ ವಿಷಯದಲ್ಲಿ ಎಚ್ಚರಿಕೆ ಬೇಕು.

ಇಂಥ ಗೆರೆಗಳು ಅಮೆರಿಕದಲ್ಲೂ ಉಂಟು. ಅಲ್ಲಿಯ ಬಡವರಿಗಾಗಿ 1965ರಿಂದ ನಡೆದುಬಂದಿರುವ ಮೆಡಿಕೈಡ್ ಯೋಜನೆಯನ್ನು ವಿಸ್ತರಿಸಲು 2010ರಲ್ಲಿ ಕಾನೂನಾಯಿತು. ಆದರೆ 2012ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ವಿಸ್ತರಣೆಯನ್ನು ರಾಜ್ಯಗಳ ಇಚ್ಛೆಗೆ ಬಿಟ್ಟಿತು. 2023ರ ವೇಳೆಗೆ 40 ರಾಜ್ಯಗಳು ಒಪ್ಪಿದವು. ಟೆಕ್ಸಾಸ್ ಮೊದಲಾದವು ಒಪ್ಪಲಿಲ್ಲ. ಅದಕ್ಕೂ ಮುಂಚೆ, 2008ರಲ್ಲಿ, ಆರೆಗಾನ್ ರಾಜ್ಯದಲ್ಲಿ ಇದ್ದಷ್ಟು ಹಣಕ್ಕೆ ಅರ್ಜಿದಾರರು ಮಿತಿಮೀರಿದಾಗ ಚೀಟಿ ಎತ್ತಿ ಆರಿಸಲಾಯಿತು. ಎರಡು ವರ್ಷಗಳ ಬಳಿಕ ನೋಡಿದಾಗ, ವಿಮೆ ದೊರೆತವರಲ್ಲಿ ಸಾಲದ ಬಾಧೆಯೂ ಮಾನಸಿಕ ಖಿನ್ನತೆಯೂ ಇಳಿದಿದ್ದವು. ರಕ್ತದೊತ್ತಡದಲ್ಲಿ ಮಾತ್ರ ಹೇಳಿಕೊಳ್ಳುವಂಥ ಬದಲಾವಣೆಯಿರಲಿಲ್ಲ.

ರಕ್ತದೊತ್ತಡದ ಮಾತು ನಮ್ಮಲ್ಲಿಯ ಚರ್ಚೆಗೂ ಮುಖ್ಯವಾದುದೇ. ಆರೋಗ್ಯಶ್ರೀಯಂಥ ಯೋಜನೆ ಹೃದಯಾಘಾತವಾದ ಮೇಲೆ ಲಕ್ಷ ರೂಪಾಯಿ ಕೊಡುತ್ತದೆ. ಅದನ್ನು ತಡೆಯಬಲ್ಲ ದಿನನಿತ್ಯದ ಗುಳಿಗೆಗೆ ಕೊಡುವುದಿಲ್ಲ. ಆ ಹಣವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ತಾಲ್ಲೂಕು ಆಸ್ಪತ್ರೆಗಳಿಗೂ ಹಾಕಬೇಕೆಂಬುದು ಒಂದು ಪಕ್ಷ. ಕವಾಟ ಕೆಟ್ಟ ರೋಗಿ ತಾಲ್ಲೂಕು ಆಸ್ಪತ್ರೆ ಸುಧಾರಿಸುವವರೆಗೆ ಕಾಯಲಾರನೆಂಬುದು ಇನ್ನೊಂದು ಪಕ್ಷ. 2018ರ ಮಾರ್ಚಿಯಲ್ಲಿ ಬಂದು ಅದೇ ಅಕ್ಟೋಬರಿನಲ್ಲಿ ಕೇಂದ್ರದ ಆಯುಷ್ಮಾನ್ ಭಾರತದೊಡನೆ ಕೂಡಿದ ಆರೋಗ್ಯ ಕರ್ನಾಟಕ ಯೋಜನೆ ಎರಡನ್ನೂ ಹೊಂದಿಸಲೆತ್ನಿಸಿತು. ಹೊಸದುರ್ಗದ ರೋಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು; ಅಲ್ಲಿ ಆಗದ ಚಿಕಿತ್ಸೆಗೆ ಪತ್ರ ಪಡೆದು ಖಾಸಗಿ ಆಸ್ಪತ್ರೆಗೆ ಹೋಗಬಹುದು; ತುರ್ತಿನಲ್ಲಿ ಪತ್ರ ಬೇಡ. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಮಿತಿ. ಉಳಿದವರಿಗೆ ನಿಗದಿತ ದರದ ಶೇಕಡ 30ರಷ್ಟು ಮಾತ್ರ, ಅದೂ 1,50,000 ರೂಪಾಯಿ ಮೀರದಂತೆ. ಆಗ ನಿಂತುಹೋದ ಯಶಸ್ವಿನಿ 2022ರಲ್ಲಿ ಸಹಕಾರಿಗಳಿಗಾಗಿ ಮತ್ತೆ ಆರಂಭವಾಯಿತು.

ನಕ್ಷೆಯ ಮೇಲಿದ್ದ ಗೆರೆ 2012ರಲ್ಲಿ ಅಳಿಸಿಹೋಯಿತು. ಈಗಿನ ಗೆರೆ ಪಡಿತರ ಚೀಟಿಯದು. ಹೊಳಲ್ಕೆರೆಯ ಒಂದೇ ಬೀದಿಯಲ್ಲಿ ಒಂದು ಮನೆಗೆ ಪೂರ್ಣ ವೆಚ್ಚ, ಎದುರುಮನೆಗೆ ಶೇಕಡ 30. ಆದರೆ ಆ ಎರಡು ಮನೆಗಳು ಹಣದಲ್ಲಿ, ಊಟದಲ್ಲಿ, ಓದಿನಲ್ಲಿ ಮೊದಲೇ ಬೇರೆಬೇರೆಯಾಗಿರುವುದರಿಂದ, ಮೊಳಕಾಲ್ಮೂರಿನ ಗಡಿಯಲ್ಲಿ ಮಾಡಿದಷ್ಟು ಸರಳವಾಗಿ ಇಲ್ಲಿ ಹೋಲಿಸಲು ಬರುವುದಿಲ್ಲ.