ಮನೆ ತೊರೆಯುವ ಹರೆಯ: ಕುಣಿಗಲ್-ತುಮಕೂರು ಸೀಮೆಯ ವಿರಕ್ತ ಪರಂಪರೆಯನ್ನು ಕುರಿತು

‘ಮನೆ ಬಿಟ್ಟು ಹೋದ’ ಎಂದರೆ ನಮ್ಮಲ್ಲಿ ನಿಂದೆ. ‘ಮನೆ ತೊರೆದ’ ಎಂದರೆ ಬಹುಮಟ್ಟಿಗೆ ಗೌರವ. ಹರೆಯದವನೊಬ್ಬ ಕುಟುಂಬ, ಸಮಾಜಗಳನ್ನು ಹಿಂದಿಕ್ಕಿ ನಡೆಯುವುದು ಎರಡರಲ್ಲಿಯೂ ಸಮಾನವೇ ಆಗಿರುವಾಗ ಈ ಭೇದಕ್ಕೆ ಕಾರಣವೇನು? ವೈರಾಗ್ಯವೆಂಬ ಉತ್ತರ ಸಿದ್ಧವಾಗಿಯೇ ಇದೆ. ಆದರೆ ಅಮೃತೂರನ್ನು ಒಳಗೊಂಡ ಕುಣಿಗಲ್ ಸೀಮೆಯ ವಿರಕ್ತ ಪರಂಪರೆಯನ್ನು ಗಮನಿಸಿದರೆ ಆ ಉತ್ತರ ಸಾಲದೆನಿಸುತ್ತದೆ.

ಚಾಮರಾಜನಗರದ ಬಳಿಯ ಹರದನಹಳ್ಳಿಯ ಸಿದ್ಧಲಿಂಗರು ಕಗ್ಗೆರೆಯ ತೋಟದಲ್ಲಿ ತಪಗೈದು ‘ತೋಂಟದ’ ಎಂಬ ವಿಶೇಷಣವನ್ನು ಪಡೆದರು, ಎಡೆಯೂರಿನಲ್ಲಿ ಸಮಾಧಿಸ್ಥರಾದರು. ಮನೆಯನ್ನು ಬಿಟ್ಟ ಅವರು ಒಂಟಿಯಾಗಿ ಉಳಿಯಲಿಲ್ಲ. ಹಿಂದೆ ಗುರು ಗೋಸಲ ಚನ್ನಬಸವೇಶ್ವರರಿದ್ದರು. ಸುತ್ತ ನೂರಾರು ಚರಮೂರ್ತಿಗಳಿದ್ದರೆಂದು ಪರಂಪರೆ ಹೇಳುತ್ತದೆ. ದೀಕ್ಷಿತನನ್ನು ‘ಗುರುಕರಸಂಜಾತ’ನೆಂದು ಕರೆಯುವ ವಾಡಿಕೆಯೇ ಇಲ್ಲಿನ ತರ್ಕವನ್ನು ತಿಳಿಸುತ್ತದೆ: ಹಳೆಯ ಹುಟ್ಟಿಗೆ ಬದಲಾಗಿ ಹೊಸ ಹುಟ್ಟು, ತಂದೆಯ ಸ್ಥಾನದಲ್ಲಿ ಗುರು.

ಇದೇ ಪರಂಪರೆಯ ಆಧುನಿಕ ನಿದರ್ಶನ ಇನ್ನೂ ಸ್ಪಷ್ಟವಾಗಿದೆ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿದ ಶಿವಣ್ಣ, ನಾಗವಲ್ಲಿಯಲ್ಲಿಯೂ ತುಮಕೂರಿನಲ್ಲಿಯೂ ಓದಿ, ಸಿದ್ಧಗಂಗೆಯ ಆಶ್ರಯವನ್ನು ಕಂಡು, ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನು ಸೇರಿದ್ದ ತರುಣ. 1930ರ ಜನವರಿಯಲ್ಲಿ ಮಠದ ಉತ್ತರಾಧಿಕಾರಿಯೂ ತನ್ನ ಸ್ನೇಹಿತನೂ ಆಗಿದ್ದ ಮರುಳಾರಾಧ್ಯರು ಅಕಾಲದಲ್ಲಿ ಲಿಂಗೈಕ್ಯರಾದಾಗ ಅಂತ್ಯಕ್ರಿಯೆಗೆ ಬಂದ. ಉದ್ದಾನ ಶಿವಯೋಗಿಗಳ ದೃಷ್ಟಿ ಅವನ ಮೇಲೆ ಬಿದ್ದಿತು. ಅದೇ ವರ್ಷದ ಮಾರ್ಚ್‌ನಲ್ಲಿ, ಇನ್ನೂ 23 ತುಂಬುವ ಮುನ್ನ, ಶಿವಣ್ಣ ಶಿವಕುಮಾರ ಸ್ವಾಮಿಗಳಾದರು. ಮನೆಯೊಡನೆ ಜಗಳವಾಗಲಿ, ಸಂಸಾರದ ಬಗೆಗೆ ಜಿಗುಪ್ಸೆಯಾಗಲಿ ಈ ನಿರ್ಗಮನದ ಮೂಲವಲ್ಲ. ಒಂದು ಸ್ಥಾನ ತೆರವಾಗಿತ್ತು. ಅನ್ನವಿಟ್ಟ ಮಠ ಕರೆಯಿತು. ಸಾವಿನ ಮನೆಯಲ್ಲಿ ಬಂದ ಕರೆಗೆ ‘ಒಲ್ಲೆ’ನೆನ್ನುವುದು ಎಷ್ಟು ಸುಲಭವಿದ್ದೀತು ಎಂಬುದನ್ನು ಭಕ್ತಿಪರವಾದ ಬರಹಗಳು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. 1941ರಲ್ಲಿ ಮಠದ ಹೊಣೆ ಪೂರ್ಣವಾಗಿ ಅವರದಾಯಿತು. 2019ರಲ್ಲಿ ಲಿಂಗೈಕ್ಯರಾಗುವವರೆಗೂ ಊರುಬಿಟ್ಟು ಬಂದ ಬಡ ಮಕ್ಕಳ ಊಟ, ಓದುಗಳನ್ನು ನೋಡಿಕೊಳ್ಳುವುದೇ ಅವರ ನಿತ್ಯಕರ್ಮವಾಗಿತ್ತು. ಒಂದು ಮನೆಯನ್ನು ತೊರೆದವರಿಗೆ ಸಹಸ್ರಾರು ಮಕ್ಕಳ ಮನೆವಾರ್ತೆ ಹೆಗಲೇರಿತು.

ಹಿಂದೆ ಉಳಿದವರ ಪಾಲಿಗೆ ಈ ಹೊಸ ಹುಟ್ಟು ಒಂದು ಬಗೆಯ ಮರಣವೇ ಸರಿ. ವಿಧಿವತ್ತಾಗಿ ಸನ್ಯಾಸ ಸ್ವೀಕರಿಸಿದವನನ್ನು ಹಿಂದೂ ನ್ಯಾಯಶಾಸ್ತ್ರವು ಲೌಕಿಕವಾಗಿ ಮೃತನೆಂದೇ ಎಣಿಸಿ, ಅವನ ಆಸ್ತಿಯನ್ನು ವಾರಸುದಾರರಿಗೆ ಒಪ್ಪಿಸುತ್ತದೆ. ಕೇವಲ ಕಾವಿ ಉಟ್ಟರೆ ಸಾಲದು, ತಕ್ಕ ವಿಧಿಗಳು ನಡೆದಿರಬೇಕು. ಅಂದರೆ ಹೊರಡುವವನ ಇಚ್ಛೆಯೊಂದೇ ತ್ಯಾಗವಾಗದು. ಅದನ್ನು ತ್ಯಾಗವೆಂದು ಸ್ವೀಕರಿಸುವ ವ್ಯವಸ್ಥೆಯೂ ಬೇಕು.

ಇಂತಹ ವ್ಯವಸ್ಥೆ ಹೆಣ್ಣಿಗೆ ಎಲ್ಲಿತ್ತು? ಅರಮನೆಯನ್ನು ಬಿಟ್ಟು ನಡೆದ ಅಕ್ಕಮಹಾದೇವಿಯನ್ನು 12ನೆಯ ಶತಮಾನದ ಕಲ್ಯಾಣ ಸ್ವಾಗತಿಸಿತಾದರೂ ಅನಂತರದ ವಿರಕ್ತ ಪೀಠಗಳು ಗಂಡಿನಿಂದ ಗಂಡಿಗೇ ಸಾಗಿದವು. 1970ರಲ್ಲಿ ಧಾರವಾಡದಲ್ಲಿ ಮಾತೆ ಮಹಾದೇವಿಯವರು ಪೀಠವೇರಬೇಕಾದರೆ ಅಕ್ಕನ ಹೆಸರಿನ ಪೀಠವೊಂದನ್ನು ಹೊಸದಾಗಿಯೇ ಸ್ಥಾಪಿಸಬೇಕಾಯಿತು.